ಅಂಗಡಿ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಲಿನಕ್ಸ್‌ಗೂ ಮಾಡಿದ್ರೆ ಗಿಟ್ಟುತ್ತಾ?

ವಿಂಡೋಸ್ 10 ಸಪೋರ್ಟ್ 2025ರ ಅಕ್ಟೋಬರ್‌ಗೆ ನಿಂತ್ಮೇಲೆ ನಿಮ್ಮ ಗಿರಾಕಿಗಳಲ್ಲಿ ನಾಲ್ಕೈದು ಜನ ಹಳೇ ಮಶೀನ್‌ಗೆ ಉಬುಂಟು (ಲಿನಕ್ಸ್‌ನ ಒಂದು ಬಗೆ) ಹಾಕ್ಕೊಂಡು ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಅದರಲ್ಲೂ ಬೇಕು ಅಂತಿದಾರೆ, ಮಾಡೋದಾ ಬೇಡ್ವಾ ಅಂತ ಕೇಳಿದೀರಿ. ಶಿವಮೊಗ್ಗದಲ್ಲಿ ನಾವು ಮೂರು ಜನ ಎರಡು ಮೂರು ವರ್ಷದ ಹಿಂದೆ ಇದೇ ಕೆಲ್ಸಕ್ಕೆ ಕೈ ಹಾಕಿದ್ವಿ, ಗಿಟ್ಟುತ್ತೆ, ಆದ್ರೆ ಕೋಡ್ ಬರೆಯೋದು ಅದ್ರಲ್ಲಿ ಕಾಲು ಭಾಗ ಅಷ್ಟೇ.

ಮೊದ್ಲು ನಿಮ್ದು ಯಾವ್ದರಲ್ಲಿ ಬರ್ದಿರೋದು ಹೇಳಿ. ವಿಬಿ6 (ಮೈಕ್ರೋಸಾಫ್ಟ್‌ನ ಹಳೇ ಪ್ರೋಗ್ರಾಮಿಂಗ್ ಭಾಷೆ) ಆದ್ರೆ ಸುಮ್ನೆ ವೈನ್‌ನಲ್ಲಿ (ವಿಂಡೋಸ್ ಪ್ರೋಗ್ರಾಮ್‌ನ ಲಿನಕ್ಸ್‌ನಲ್ಲಿ ಓಡಿಸೋ ಸಾಫ್ಟ್‌ವೇರ್) ಓಡಿಸಿ ನೋಡಿ, ಎಷ್ಟೋ ಸಲ ಓಡುತ್ತೆ. ಡಾಟ್‌ನೆಟ್ (ಮೈಕ್ರೋಸಾಫ್ಟ್‌ನದೇ ಈಚಿನ ಪ್ರೋಗ್ರಾಮಿಂಗ್ ವ್ಯವಸ್ಥೆ) ಆದ್ರೆ ಲೆಕ್ಕಾಚಾರದ ಕೋಡ್ ಬಹುಪಾಲು ಲಿನಕ್ಸ್‌ಗೆ ಬರುತ್ತೆ, ಆದ್ರೆ ವಿಂಡೋಸ್‌ಗೆ ಅಂತಲೇ ಇರೋ ವಿನ್‌ಫಾರ್ಮ್ಸ್‌ನಲ್ಲಿ ಮಾಡಿದ ಸ್ಕ್ರೀನ್ ಬರಲ್ಲ, ರಿಪೋರ್ಟ್ ತಯಾರಿಸೋ ಕ್ರಿಸ್ಟಲ್ ರಿಪೋರ್ಟ್ಸೂ ಬರಲ್ಲ, ನಾವು ಸ್ಕ್ರೀನೆಲ್ಲ ಲಿನಕ್ಸ್‌ನಲ್ಲೂ ಓಡೋ ಅವಲೋನಿಯಾದಲ್ಲಿ ಹೊಸದಾಗಿ ಬರೆದ್ವಿ. ಡೇಟಾಬೇಸ್ ತಲೆನೋವೇ ಆಗ್ಲಿಲ್ಲ, ನಾವು ಬಳಸೋ ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2017ರಿಂದ ಲಿನಕ್ಸ್‌ನಲ್ಲೂ ಇದೆ.

ಕೋಡೆಲ್ಲ ಕಂಪೈಲ್ ಆಗಿ ಓಡೋ ಪ್ರೋಗ್ರಾಮ್ ಸಿಕ್ಕ ದಿನ ಮಸಾಲೆ ದೋಸೆ ತಿಂದು ಬಂದ್ವಿ. ಮಾರನೇ ದಿನ ಅಕ್ಕಿ ಮಂಡಿಯಲ್ಲಿ ಹಾಕಿದ್ರೆ ಪ್ರೋಗ್ರಾಮೇ ಓಪನ್ ಆಗ್ಲಿಲ್ಲ, ಯಾಕಂದ್ರೆ ನಾವು ಬಿಲ್ಡ್ ಮಾಡಿದ್ದು ಉಬುಂಟು 22.04ರಲ್ಲಿ, ಅವ್ರದ್ದು 20.04, ಅದರ ಜಿಲಿಬ್‌ಸಿ (ಪ್ರೋಗ್ರಾಮ್‌ಗಳೆಲ್ಲ ನಂಬ್ಕೊಂಡಿರೋ ಲಿನಕ್ಸ್‌ನ ಮೂಲ ಲೈಬ್ರರಿ) ಹಳೇದು. ಹೊಸದರಲ್ಲಿ ಬಿಲ್ಡ್ ಮಾಡಿದ್ದು ಹಳೇದ್ರಲ್ಲಿ ಎಷ್ಟೋ ಸಲ ಓಡಲ್ಲ, ಹಳೇದ್ರಲ್ಲಿ ಮಾಡಿದ್ದು ಹೊಸದ್ರಲ್ಲಿ ಸಾಮಾನ್ಯವಾಗಿ ಓಡುತ್ತೆ, ಅಷ್ಟು ಗೊತ್ತಾಗೋಕೆ ನಮಗೆ ಒಂದಿನ ಹೋಯ್ತು. ಅದು ಸರಿಯಾದ್ಮೇಲೆ ಬಿಲ್‌ನಲ್ಲಿ ಅಂಗಡಿ ಲೋಗೋ ನಾಪತ್ತೆ! ಫೈಲ್ ಹೆಸ್ರು ದೊಡ್ಡಕ್ಷರದಲ್ಲಿತ್ತು, ಕೋಡ್‌ನಲ್ಲಿ ಸಣ್ಣಕ್ಷರ, ವಿಂಡೋಸ್ ಅದನ್ನ ನೋಡಿಯೂ ನೋಡದ ಹಾಗೆ ಬಿಡುತ್ತೆ, ಲಿನಕ್ಸ್ ಬಿಡಲ್ಲ.

ನಿಜವಾದ ಪಾಡು ಪ್ರಿಂಟರ್‌ದು. ಥರ್ಮಲ್ ಪ್ರಿಂಟರ್‌ಗೆ ನೇರ ಬರೆಯೋಕೆ ಮಾಮೂಲಿ ಯೂಸರ್‌ಗೆ ಪರ್ಮಿಶನ್ ಇರಲ್ಲ, ಅವರನ್ನ ಪ್ರಿಂಟರ್ ಬಳಸೋ ಹಕ್ಕಿರೋ ಎಲ್‌ಪಿ ಗ್ರೂಪ್‌ಗೆ ಸೇರಿಸ್ಬೇಕು, ಇಲ್ಲಾಂದ್ರೆ ನಿಮ್ಮ ಪ್ಯಾಕೇಜ್‌ನಲ್ಲೇ (ಇನ್‌ಸ್ಟಾಲ್ ಮಾಡೋ ಫೈಲ್) ಯೂಡೆವ್ ರೂಲ್, ಅಂದ್ರೆ ಯಾವ ಸಾಧನ ಯಾರು ಬಳಸ್ಬಹುದು ಅಂತ ಲಿನಕ್ಸ್‌ಗೆ ಹೇಳೋ ನಿಯಮ, ಹಾಕಿ ಕಳಿಸ್ಬೇಕು. ಲೈಸೆನ್ಸ್ ಡಾಂಗಲ್ (ನಕಲು ತಡೆಯೋಕೆ ಚುಚ್ಚೋ ಯುಎಸ್‌ಬಿ ಕೀಲಿ) ಇದ್ರೆ ಅದಕ್ಕೂ ಯೂಡೆವ್ ರೂಲೇ ಮದ್ದು. ಇನ್ನು ಬಿಲ್ ಕನ್ನಡದಲ್ಲಿ ಬೇಕು ಅಂದ್ರೆ, ಆ ಪ್ರಿಂಟರ್‌ನೊಳಗೆ ಸಾಮಾನ್ಯವಾಗಿ ಕನ್ನಡ ಫಾಂಟೇ ಇರಲ್ಲ, ಅಕ್ಷರನ ಚಿತ್ರ ಮಾಡಿ ಕಳಿಸ್ಬೇಕು. ನಮ್ಮ ಮೊದಲ ಬಿಲ್‌ನಲ್ಲಿ ಬೆಲ್ಲ ಹೋಗಿ ಬೆಲ್‌ಲ ಆಗಿತ್ತು, ಒತ್ತಕ್ಷರ ಕೂಡಿಸೋ ಕೆಲ್ಸಾನೇ ನಾವು ಮಾಡಿರ್ಲಿಲ್ಲ. ಮಂಡಿ ಯಜಮಾನ್ರು ಬಿಲ್ ಎತ್ತಿ ಹಿಡ್ದು ಇದ್ಯಾವ ಊರ ಕನ್ನಡ ಅಂದ್ರು. ಅಕ್ಷರ ಜೋಡಿಸಿಕೊಡೋ ಪ್ಯಾಂಗೋ ಲೈಬ್ರರಿ ಕೈಲಿ ಸಾಲು ಬರೆಸಿ, 80 ಎಂಎಂ ರೋಲ್‌ಗೆ 576 ಚುಕ್ಕಿ ಅಗಲದ ಚಿತ್ರ ಮಾಡಿ ಕಳಿಸಿದ್ಮೇಲೆ ಸರಿಹೋಯ್ತು. ಇದರಿಂದ ವಿಂಡೋಸ್ ವರ್ಶನ್‌ನ ಕನ್ನಡ ಬಿಲ್ಲೂ ನಾವು ಇದೇ ರೀತಿಗೆ ಬದಲಾಯಿಸಿದ್ವಿ, ಬೋನಸ್ಸು.

ಪ್ಯಾಕೇಜ್ ವಿಷ್ಯಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಆಪ್‌ಇಮೇಜ್ ಅಂದ್ರೆ ಇನ್‌ಸ್ಟಾಲ್ ಮಾಡದೆ ಓಡೋ ಒಂದೇ ಫೈಲ್, ಚೆನ್ನಾಗಿದೆ ಅನ್ಸುತ್ತೆ, ಆದ್ರೆ ಎಷ್ಟೋ ಆಪ್‌ಇಮೇಜ್‌ಗೆ ಅದನ್ನ ತೆರೆಯೋಕೆ ಬೇಕಾದ ಹಳೇ ಫ್ಯೂಸ್ 2 ಲೈಬ್ರರಿ 22.04ರಿಂದ ಈಚೆಗೆ ಉಬುಂಟು ಜೊತೆ ಬರಲ್ಲ, ಅಂಗಡಿಯವ್ರು ಡಬಲ್ ಕ್ಲಿಕ್ ಮಾಡಿ ಏನೂ ಆಗ್ಲಿಲ್ಲ ಅಂತ ಫೋನ್ ಮಾಡ್ತಾರೆ. ಉಬುಂಟು ಎಲ್‌ಟಿಎಸ್‌ಗೆ (ಹೆಚ್ಚು ವರ್ಷ ಸಪೋರ್ಟ್ ಇರೋ ವರ್ಶನ್) ಮಾತ್ರ ಡೆಬ್ (ಉಬುಂಟುವಿನ ಇನ್‌ಸ್ಟಾಲ್ ಫೈಲ್) ಕೊಡ್ತೀವಿ ಅಂತ ಬರೆದುಕೊಟ್ಬಿಡಿ. ನಮ್ಮ ಒಬ್ಬ ಗಿರಾಕಿ ಮಗ ಆರ್ಚ್ ಅನ್ನೋ ಬೇರೆ ಬಗೆ ಲಿನಕ್ಸ್ ಹಾಕಿದ್ದ, ಅವ್ನಿಗೆ ಕೈ ಮುಗಿದೆ.

ದುಡ್ಡಿನ ಮಾತು. "ಲಿನಕ್ಸ್ ಫ್ರೀ ಅಲ್ವೇನ್ರೀ, ನೀವ್ಯಾಕೆ ದುಡ್ಡು ಕೇಳ್ತೀರಿ" ಅಂತ ಕೇಳೇ ಕೇಳ್ತಾರೆ. ಲಿನಕ್ಸ್ ಮೇಲೆ ಓಡುತ್ತೆ ಅಂದ ಮಾತ್ರಕ್ಕೆ ನಿಮ್ಮ ಕೋಡ್ ಕೊಡ್ಬೇಕು ಅಂತೇನಿಲ್ಲ, ಸೇರಿಸ್ಕೊಳ್ಳೋ ಲೈಬ್ರರಿಗಳ ಲೈಸೆನ್ಸ್ ಮಾತ್ರ ಓದ್ಕೊಳ್ಳಿ. ನಾವು ಸಾಫ್ಟ್‌ವೇರ್ ಬೆಲೆ ಒಂದೇ ಇಟ್ಟು ಎಎಂಸಿ (ವರ್ಷದ ನಿರ್ವಹಣೆ ಶುಲ್ಕ) ಸ್ವಲ್ಪ ಜಾಸ್ತಿ ಇಟ್ವಿ, ಯಾಕಂದ್ರೆ ಸಣ್ಣ ತೊಂದ್ರೆಗೂ ನಾವೇ ಬೈಕ್ ಹತ್ತಿ ಹೋಗ್ಬೇಕು, ಪಕ್ಕದ ಕಂಪ್ಯೂಟರ್ ರಿಪೇರಿ ಹುಡುಗನಿಗೆ ಲಿನಕ್ಸ್ ಬರಲ್ಲ.

ಒಂದು ಸಾಲು ಕೋಡ್ ಬರೆಯೋಕ್ ಮುಂಚೆ ಆ ನಾಲ್ಕೈದು ಜನಕ್ಕೆ ಫೋನ್ ಮಾಡಿ, ಯಾವ ಉಬುಂಟು, ಯಾವ ಪ್ರಿಂಟರ್ ಅಂತ ಬರ್ಕೊಳ್ಳಿ, ಅರ್ಧ ಅಡ್ವಾನ್ಸ್ ಕೇಳಿ. ನಮ್ಮತ್ರ ಬೇಕು ಅಂದಿದ್ದು ಒಂಬತ್ತು ಜನ, ಅಡ್ವಾನ್ಸ್ ಕೊಟ್ಟಿದ್ದು ಇಬ್ರು.