45 ಸೆಕೆಂಡಿನ ಹಕ್ಕು

ಪ್ರಶ್ನೆ: 'ಮಾನವ ಹಕ್ಕು ಅನ್ನೋದು ಪಶ್ಚಿಮದವರ ಸರಕು. ಮೊದಲು ಅನ್ನ, ಆಮೇಲೆ ಮಾತು ಅಂತ ಚೀನಾ ವಿಶ್ವಸಂಸ್ಥೆಯಲ್ಲಿ ವಾದಿಸಿದರೆ ತಪ್ಪೇನು?' (ಸಾಗರದ ಓದುಗರೊಬ್ಬರ ಪತ್ರದಿಂದ)

ಸಂಪಾದಕರ ಉತ್ತರ: ಪಶ್ಚಿಮದ ಬಗ್ಗೆ ನಿಮಗಿರುವ ಸಿಟ್ಟಿಗೆ ಕಾರಣವಿದೆ. ಅನ್ನ, ಆರೋಗ್ಯ, ದುಡಿಮೆಯ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಅಮೆರಿಕ 1977ರಲ್ಲಿ ಸಹಿ ಹಾಕಿದ್ದು, ಇವತ್ತಿಗೂ ಅನುಮೋದಿಸಿಲ್ಲ. ಚೀನಾ 2001ರಲ್ಲೇ ಅನುಮೋದಿಸಿತು. ಆದರೆ ಮಾತು, ಸಭೆ, ನ್ಯಾಯವಾದ ವಿಚಾರಣೆಯ ಒಡಂಬಡಿಕೆಗೆ 1998ರಲ್ಲಿ ಸಹಿ ಹಾಕಿದ ಚೀನಾ ಅಲ್ಲೇ ನಿಂತಿದೆ. ಈ ಅರ್ಧವನ್ನು ನೀವು ಬಿಡಬಾರದಿತ್ತು. ಪಶ್ಚಿಮದ ಸರಕು ಅನ್ನುವುದನ್ನಂತೂ ಒಪ್ಪಲಾರೆ. 1948ರ ಮಾನವ ಹಕ್ಕುಗಳ ವಿಶ್ವ ಘೋಷಣೆಯ ಕರಡಿನಲ್ಲಿದ್ದ 'ಎಲ್ಲ ಪುರುಷರು' ಹೋಗಿ 'ಎಲ್ಲ ಮಾನವರು' ಬಂದದ್ದು ಭಾರತದ ಪ್ರತಿನಿಧಿಯಾಗಿದ್ದ ನಮ್ಮ ಹಂಸಾ ಮೆಹ್ತಾ ಪಟ್ಟು ಹಿಡಿದದ್ದರಿಂದ.

ಬಲಾಢ್ಯ ದೇಶದ ಕೈವಾಡ ಕಾಣಬೇಕಾದರೆ ಗಡಿಯಾರ ನೋಡಬೇಕು, ಕ್ರಿಯಾಪದ ನೋಡಬೇಕು. ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯವರು ಪ್ರತಿ ದೇಶದ ಹಕ್ಕುಗಳ ಸ್ಥಿತಿಯನ್ನು ಸುಮಾರು ನಾಲ್ಕೂವರೆ ವರ್ಷಕ್ಕೊಮ್ಮೆ ಪರಿಶೀಲಿಸುತ್ತಾರೆ. ಒಟ್ಟು ಮೂರೂವರೆ ಗಂಟೆ: ಆ ದೇಶಕ್ಕೆ 70 ನಿಮಿಷ, ಉಳಿದವರಿಗೆಲ್ಲ ಸೇರಿ 140. 2024ರ ಜನವರಿಯಲ್ಲಿ ಚೀನಾದ ಸರದಿ ಬಂದಾಗ 160ಕ್ಕೂ ಹೆಚ್ಚು ದೇಶಗಳು ಮಾತಿಗೆ ನಿಂತವು. ತಲಾ 45 ಸೆಕೆಂಡು ಸಿಕ್ಕಿತು. 'ಬಡತನ ನಿವಾರಣೆಯ ಸಾಧನೆ ಮುಂದುವರಿಸಿ' ಎನ್ನಲು ಹತ್ತು ಸೆಕೆಂಡು ಧಾರಾಳವಾಯಿತು. ಶಿಂಜಿಯಾಂಗ್‌ನಲ್ಲಿ ಉಯಿಘರ್ ಮುಸ್ಲಿಮರ ಬಂಧನ, ಮಕ್ಕಳನ್ನು ಮನೆಯಿಂದ ದೂರವಿಡುವ ಟಿಬೆಟ್‌ನ ವಸತಿ ಶಾಲೆ, ಹಾಂಕಾಂಗ್‌ನ ಭದ್ರತಾ ಕಾನೂನು ಮೂರನ್ನೂ ಕೇಳಬೇಕಾದವರು ಯಾವುದನ್ನು ಬಿಡಬೇಕು? ಬಂದ ಶಿಫಾರಸುಗಳಿಗೆ ದೇಶ 'ಒಪ್ಪಿದೆ' ಅನ್ನಬಹುದು, ಇಲ್ಲವೇ 'ಗಮನಿಸಿದೆ' ಅನ್ನಬಹುದು. ಗಮನಿಸಿದೆ ಅಂದರೆ ಒಲ್ಲೆ ಅಂತಲೇ ಲೆಕ್ಕ. ಆದ್ದರಿಂದ ಮಿತ್ರದೇಶಗಳು 'ಮುಂದುವರಿಸಿ' ಅನ್ನುವ ಶಿಫಾರಸು ಹೆಚ್ಚಿಗೆ ಕೊಟ್ಟಷ್ಟೂ ಒಪ್ಪಿದ ಪಟ್ಟಿ ಬೆಳೆಯುತ್ತದೆ, ದಾಖಲೆ ಚೆಂದ ಕಾಣುತ್ತದೆ.

ಮತ ಎಣಿಕೆಯನ್ನೂ ನೋಡಿ. ಶಿಂಜಿಯಾಂಗ್‌ನಲ್ಲಿ ಮಾನವತೆಯ ವಿರುದ್ಧದ ಅಪರಾಧಗಳು ನಡೆದಿರಬಹುದು ಎಂದ ವಿಶ್ವಸಂಸ್ಥೆಯ ವರದಿ ಹೊರಬಿದ್ದದ್ದು 2022ರ ಆಗಸ್ಟ್ 31ರ ರಾತ್ರಿ, ಮಾನವ ಹಕ್ಕುಗಳ ಹೈಕಮಿಷನರ್ ಮಿಶೆಲ್ ಬ್ಯಾಚೆಲೆಟ್ ಅವರ ಅವಧಿ ಮುಗಿಯಲು ಕೆಲವೇ ನಿಮಿಷ ಇದ್ದಾಗ. ಅದರ ಮೇಲೆ ಬರೀ ಚರ್ಚೆ ನಡೆಸೋಣ ಎಂಬ ಪ್ರಸ್ತಾವ ಅಕ್ಟೋಬರ್ 6ರಂದು 47 ಸದಸ್ಯರ ಮಂಡಳಿಗೆ ಬಂತು. ಪರ 17, ವಿರೋಧ 19, ತಟಸ್ಥ 11. ತಟಸ್ಥರ ಮತ ಲೆಕ್ಕಕ್ಕೆ ಬರುವುದಿಲ್ಲವಾಗಿ, ಎರಡೇ ಮತದಲ್ಲಿ ಚರ್ಚೆ ಬಿದ್ದುಹೋಯಿತು. ತಟಸ್ಥರಲ್ಲಿ ಭಾರತವೂ ಇತ್ತು.

ಮೊದಲು ಅನ್ನ ಅಂದಿರಲ್ಲ, ಚೀನಾದ ಹಕ್ಕು ಕಾರ್ಯಕರ್ತೆ ತ್ಸಾವ್ ಶುನ್‌ಲಿ ಎಂಬಾಕೆ ಕೇಳಿದ್ದು ಅದಕ್ಕಿಂತ ಸಣ್ಣದು: ಜಿನೀವಾಕ್ಕೆ ಸರ್ಕಾರ ಕಳಿಸುವ ವರದಿ ಬರೆಯುವಾಗ ನಾಗರಿಕರನ್ನೂ ಕೇಳಿ ಅಂತ. 2013ರ ಸೆಪ್ಟೆಂಬರಿನಲ್ಲಿ ಜಿನೀವಾಕ್ಕೆ ಹೊರಟ ಆಕೆಯನ್ನು ಬೀಜಿಂಗ್ ವಿಮಾನ ನಿಲ್ದಾಣದಲ್ಲೇ ಹಿಡಿದರು. 2014ರ ಮಾರ್ಚಿನಲ್ಲಿ ಆಕೆ ತೀರಿಕೊಂಡರು. ಅದೇ ತಿಂಗಳು ಮಂಡಳಿಯಲ್ಲಿ ಆಕೆಗಾಗಿ ಒಂದು ನಿಮಿಷದ ಮೌನ ಕೋರಿದಾಗ ಚೀನಾದ ಪ್ರತಿನಿಧಿ ಕ್ರಿಯಾಲೋಪ ಎತ್ತಿದರು, ಅಂದರೆ ಇದು ಸಭೆಯ ನಿಯಮಕ್ಕೆ ವಿರುದ್ಧ ಅಂತ ಆಕ್ಷೇಪಿಸಿದರು. ಒಂದು ನಿಮಿಷದ ಮೌನಕ್ಕೆ ಬಹಳ ಹೊತ್ತು ವಾದ ನಡೆಯಿತು. ಕೊನೆಗೆ ಸ್ವಯಂಸೇವಾ ಸಂಘಟನೆಗಳವರು ಆಕೆಯ ಫೋಟೋ ಹಿಡಿದು ಎದ್ದು ನಿಂತರು, ಅಷ್ಟೆ.

ಇದೆಲ್ಲ ದೂರದ ಮಾತು ಅನ್ನಬೇಡಿ. ಜಾತಿ ತಾರತಮ್ಯದ ವಿರುದ್ಧ ಕೆಲಸ ಮಾಡುವ ಇಂಟರ್‌ನ್ಯಾಷನಲ್ ದಲಿತ್ ಸಾಲಿಡಾರಿಟಿ ನೆಟ್‌ವರ್ಕ್ ವಿಶ್ವಸಂಸ್ಥೆಯಲ್ಲಿ ಸಲಹಾ ಸ್ಥಾನಮಾನ, ಅಂದರೆ ಅಲ್ಲಿನ ಸಭೆಗಳಲ್ಲಿ ಭಾಗವಹಿಸುವ ಅವಕಾಶ, ಕೇಳಿತ್ತು. ಇಂಥ ಅರ್ಜಿ ನೋಡುವ 19 ಸದಸ್ಯರ ಸಮಿತಿಯಲ್ಲಿ ಯಾವುದೇ ಒಂದು ದೇಶ ಹೊಸ ಪ್ರಶ್ನೆ ಹಾಕಿದರೂ ಅರ್ಜಿ ಮುಂದಿನ ಅಧಿವೇಶನಕ್ಕೆ ಹೋಗುತ್ತದೆ. 2008ರಿಂದ ಪ್ರಶ್ನೆ ಹಾಕುತ್ತಲೇ ಬಂದದ್ದು ನಮ್ಮ ಭಾರತ. ಆ ಸಂಸ್ಥೆಗೆ ಸ್ಥಾನಮಾನ ಸಿಕ್ಕಿದ್ದು 2022ರ ಡಿಸೆಂಬರಿನಲ್ಲಿ.