ಲಿಂಕ್ ರಾಡ್ ಕೊಳ್ಳುವ ಮುನ್ನ ಹಳೆಯದನ್ನು ಅಳೆಯಿರಿ
ಓದುಗರ ಪ್ರಶ್ನೆಗಳಿಗೆ ನಮ್ಮ ಉತ್ತರ: ಕಾರು ವಿಭಾಗ

ಪ್ರಶ್ನೆ: ನಮ್ಮದು 2018ರಲ್ಲಿ ನೋಂದಣಿಯಾದ ಸ್ವಿಫ್ಟ್. ಗುಂಡಿ ಬಿದ್ದ ರಸ್ತೆಯಲ್ಲಿ ನಿಧಾನ ಹೋಗುವಾಗ ಮುಂದಿನ ಎಡ ಚಕ್ರದ ಬಳಿ ಕಟಕಟ ಸದ್ದು. ಲಿಂಕ್ ರಾಡ್ ಹೋಗಿದೆ ಎಂದರು. ಅಂಗಡಿಯವರು ಮೂರು ಬಗೆ ತೋರಿಸಿ, 'ಎಲ್ಲಾ ಸ್ವಿಫ್ಟ್‌ದೇ' ಎನ್ನುತ್ತಾರೆ. ಯಾವುದನ್ನು ಕೊಳ್ಳಲಿ? (ಹಾಸನದಿಂದ)

ಉತ್ತರ: ತಿರುವಿನಲ್ಲಿ ಗಾಡಿ ಹೆಚ್ಚು ವಾಲದಂತೆ ಎಡ-ಬಲ ಚಕ್ರಗಳ ನಡುವೆ ಇರುವ ಉಕ್ಕಿನ ಸರಳು ಸ್ಟೆಬಿಲೈಸರ್ ಬಾರ್. ಅದರ ತುದಿಯನ್ನು ಸಸ್ಪೆನ್ಷನ್ನಿಗೆ ಸೇರಿಸುವ, ಎರಡೂ ಕೊನೆಯಲ್ಲಿ ಬಾಲ್ ಜಾಯಿಂಟ್ ಇರುವ ಸಣ್ಣ ಕಂಬಿಯೇ ಲಿಂಕ್ ರಾಡ್. ಅಂಗಡಿಯ ಮೂರೂ ಸ್ವಿಫ್ಟ್‌ದೇ ಇರಬಹುದು, ನಿಮ್ಮ ಸ್ವಿಫ್ಟ್‌ದು ಒಂದೇ. 2011ರಲ್ಲಿ ಬಂದ ಮಾದರಿ ಹೋಗಿ ಹೊಸದು ಬಂದದ್ದು 2018ರ ಫೆಬ್ರವರಿಯಲ್ಲಿ. ಅದೇ ವರ್ಷ ನೋಂದಣಿಯಾದ ಗಾಡಿ ಹಳೆಯ ಮಾದರಿಯದೂ ಇರಬಹುದು, ಹೊಸದೂ ಇರಬಹುದು. ನೋಂದಣಿ ವರ್ಷ ಹೇಳಿ ಸಾಮಾನು ಕೇಳಿದರೆ ಎಡವಟ್ಟಾಗುವುದು ಇಲ್ಲೇ. ಆರ್‌ಸಿಯಲ್ಲಿರುವ 17 ಅಕ್ಷರದ ಶಾಸಿ ನಂಬರನ್ನು ಪೂರ್ತಿ ಕೊಟ್ಟು, ಕಂಪನಿಯ ಬಿಡಿಭಾಗದ ಕೌಂಟರಿನಲ್ಲಿ ಪಾರ್ಟ್ ನಂಬರ್ ಬರೆಸಿಕೊಳ್ಳಿ. ಆಮೇಲೆ ಅದೇ ನಂಬರಿಗೆ ಹೊಂದುವ ಬೇರೆ ಒಳ್ಳೆಯ ಬ್ರ್ಯಾಂಡಿನದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಅಡ್ಡಿಯಿಲ್ಲ.

ದುಡ್ಡು ಕೊಡುವ ಮೊದಲು ಹಳೆಯ ಲಿಂಕನ್ನು ಪಕ್ಕದಲ್ಲಿಟ್ಟು ನೋಡಿ. ಉದ್ದವನ್ನು ತುದಿಯಿಂದ ತುದಿಗಲ್ಲ, ಒಂದು ಬಾಲ್‌ನ ನಡುವಿನಿಂದ ಇನ್ನೊಂದು ಬಾಲ್‌ನ ನಡುವಿಗೆ ಅಳೆಯಬೇಕು. ಎಡ-ಬಲದ ಲಿಂಕ್‌ಗಳ ಉದ್ದದಲ್ಲಿ ವ್ಯತ್ಯಾಸವಿದ್ದರೆ ಗಾಡಿ ಸಮತಟ್ಟು ನೆಲದಲ್ಲಿ ನಿಂತಾಗಲೂ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡೇ ಇರುತ್ತದೆ, ಭಾರ ಒಂದು ಕಡೆ ಹೆಚ್ಚು ಬೀಳುತ್ತದೆ. ಎರಡೂ ಒಂದೇ ಅಳತೆಯಲ್ಲಿ ತಪ್ಪಾಗಿದ್ದರೆ ಬಾರ್‌ನ ತೋಳು ತನ್ನ ಜಾಗ ಬಿಟ್ಟು ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿಗೋ, ಸ್ಪ್ರಿಂಗ್-ಶಾಕ್ ಅಬ್ಸಾರ್ಬರ್ ಕೂಡಿದ ಸ್ಟ್ರಟ್‌ಗೋ ತಾಗಬಹುದು.

ಎರಡು ತುದಿಯ ಬೋಲ್ಟುಗಳು ಯಾವ ಕಡೆ ಮುಖ ಮಾಡಿವೆ ಎಂಬುದೂ ಮುಖ್ಯ: ಎರಡೂ ಒಂದೇ ಕಡೆಗೋ, ಎದುರುಬದುರೋ, ಒಂದಕ್ಕೊಂದು ಅಡ್ಡವೋ. ಅಡ್ಡ ಇರುವವುಗಳಲ್ಲಿ ಸಾಮಾನ್ಯವಾಗಿ ಎಡದ್ದು ಬಲಕ್ಕೆ ಕೂರುವುದಿಲ್ಲ. ಇನ್ನು ಬೋಲ್ಟಿನ ದಪ್ಪ. 12 ಮಿ.ಮೀ. ತೂತಿಗೆ 10 ಮಿ.ಮೀ. ಬೋಲ್ಟ್ ಸಲೀಸಾಗಿ ಹೋಗುತ್ತದೆ, ನಟ್ಟೂ ಬಿಗಿಯಾಗುತ್ತದೆ. ಆದರೆ ಕೆಲವು ದಿನದಲ್ಲೇ ತೂತಿನೊಳಗೆ ಜಾರಾಡಿ ಮತ್ತೆ ಅದೇ ಕಟಕಟ. ತೂತು ಅಗಲವಾಗುವುದು ಬೇರೆ ನಷ್ಟ.

ಹೊಸ ಲಿಂಕಿನ ಬಾಲನ್ನು ಕೈಯಲ್ಲಿ ಆಡಿಸಿ ನೋಡಿ. ಬಿಗಿಯಾಗಿ, ಒಂದೇ ಸಮನೆ ತಿರುಗಬೇಕು. ಲೊಡಲೊಡ ಎಂದರೆ ವಾಪಸ್ ಕೊಡಿ. ರಾಡ್ ಪ್ಲಾಸ್ಟಿಕ್ಕಿನದೆಂದು ಮೂಗು ಮುರಿಯಬೇಡಿ. ಎಷ್ಟೋ ಕಾರುಗಳಿಗೆ ಕಂಪನಿಯೇ ಗಾಜಿನ ನಾರು ಬೆರೆಸಿದ ನೈಲಾನ್ ಲಿಂಕ್ ಕೊಡುತ್ತದೆ. ಹಾಳಾಗುವುದು ಹೆಚ್ಚಾಗಿ ರಾಡ್ ಅಲ್ಲ, ರಬ್ಬರ್ ಬೂಟ್ ಹರಿದು ನೀರು, ಮಣ್ಣು ಹೊಕ್ಕ ಬಾಲ್.

ಒಂದು ಎಚ್ಚರಿಕೆ. ಗಾಡಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ಅದರಲ್ಲಿರುವ ಹಳೆಯ ಲಿಂಕೇ ತಪ್ಪಿನದಿರಬಹುದು. ಅಳತೆಗೂ ಪಾರ್ಟ್ ನಂಬರಿಗೂ ತಾಳೆಯಾಗದಿದ್ದರೆ ಪಾರ್ಟ್ ನಂಬರನ್ನೇ ನಂಬಿ.

ಪ್ರಶ್ನೆ: ತೋಟದ ರಸ್ತೆಗೆಂದು ಮುಂದಿನ ಸ್ಟ್ರಟ್‌ಗಳ ಮೇಲೆ 25 ಮಿ.ಮೀ. ಸ್ಪೇಸರ್ (ಎತ್ತರಿಸುವ ಬಿಲ್ಲೆ) ಹಾಕಿಸಿದ್ದೇನೆ. ಎತ್ತರ ಹೆಚ್ಚಾಯಿತಲ್ಲ, ಉದ್ದದ ಲಿಂಕ್ ಹಾಕಿಸಿ ಎನ್ನುತ್ತಾರೆ. ಸರಿಯೇ? (ಮೂಡಿಗೆರೆಯಿಂದ)

ಉತ್ತರ: ನಿಮ್ಮ ಕಾರಿನಲ್ಲಿ ಲಿಂಕ್‌ನ ಮೇಲಿನ ತುದಿ ಸ್ಟ್ರಟ್‌ಗೆ, ಕೆಳಗಿನ ತುದಿ ಬಾರ್‌ಗೆ ಸೇರಿದ್ದರೆ ಈ ಸಲಹೆ ತಲೆಕೆಳಗು. ಸ್ಪೇಸರ್ ಹಾಕಿದಾಗ ಬಾಡಿಯ ಲೆಕ್ಕದಲ್ಲಿ ಸ್ಟ್ರಟ್ ಕೆಳಗಿಳಿಯುತ್ತದೆ, ಜೊತೆಗೆ ಬಾರ್‌ನ ತುದಿಯನ್ನೂ ಕೆಳಕ್ಕೆ ದೂಡುತ್ತದೆ. ಬಾರ್ ಮೊದಲಿನ ಜಾಗಕ್ಕೆ ಬರಬೇಕಾದರೆ ಲಿಂಕ್ ಗಿಡ್ಡವಾಗಬೇಕು. ಉದ್ದದ್ದು ಹಾಕಿದರೆ ಬಾರ್ ಇನ್ನೂ ಕೆಳಗೆ ಹೋಗುತ್ತದೆ. ಎತ್ತರಿಸಿದಾಗ ಉದ್ದದ ಲಿಂಕ್ ಬೇಕಾಗುವುದು ಬಾರ್ ಮೇಲೆ ಶಾಸಿಯಲ್ಲಿದ್ದು, ಲಿಂಕ್ ಕೆಳಗೆ ಆಕ್ಸಲ್‌ಗೆ ಇಳಿಯುವ ಜೀಪಿನಂಥ ಗಾಡಿಗಳಿಗೆ. ಆ ಗಾಡಿಗಳ ಮಾತನ್ನು ಎಲ್ಲಕ್ಕೂ ಅನ್ವಯಿಸಿಬಿಡುತ್ತಾರೆ.

ಚಕ್ರಗಳು ನೆಲದ ಮೇಲಿದ್ದಾಗ ಟಾರ್ಚ್ ಹಿಡಿದು ಕೆಳಗೆ ನೋಡಿ. ಬಾಲ್ ತನ್ನ ಕೋನದ ಕೊನೆ ಮುಟ್ಟಿಲ್ಲ, ಬಾರ್ ಎಲ್ಲೂ ತಾಗುತ್ತಿಲ್ಲ ಎಂದಾದರೆ ಕಂಪನಿಯ ಅಳತೆಯ ಲಿಂಕೇ ಇರಲಿ.

ಪ್ರಶ್ನೆ: ನಾನೇ ಬದಲಿಸಲು ಹೋದೆ. ನಟ್ ತಿರುಗಿಸಿದರೆ ಒಳಗಿನ ಬೋಲ್ಟೂ ಜೊತೆಗೇ ತಿರುಗುತ್ತದೆ. (ಕುಂದಾಪುರದಿಂದ)

ಉತ್ತರ: ಬೋಲ್ಟಿನ ತುದಿಯಲ್ಲಿ ಅಲೆನ್ ಕೀಗೆ ತೂತಿರುತ್ತದೆ, ಹೆಚ್ಚಾಗಿ 5 ಅಥವಾ 6 ಮಿ.ಮೀ. ಕೆಲವದರಲ್ಲಿ ತೂತಿನ ಬದಲು ಬೂಟಿನ ಹಿಂದೆ ತೆಳು ಸ್ಪ್ಯಾನರ್ ಹಿಡಿಸಲು ಜಾಗವಿರುತ್ತದೆ. ಕರಾವಳಿಯ ತುಕ್ಕಿಗೆ ಮೊದಲು ಥ್ರೆಡ್ಡನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಮಾರನೆಯ ದಿನ ಅಲೆನ್ ಕೀಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಟ್ಟನ್ನು ರಿಂಗ್ ಸ್ಪ್ಯಾನರಿನಲ್ಲಿ ತಿರುಗಿಸಿ. ಅಲೆನ್ ತೂತು ಸವೆದುಹೋದರೆ ಗ್ರೈಂಡರಿನಲ್ಲಿ ನಟ್ ಕತ್ತರಿಸುವುದೇ ದಾರಿ. ಬ್ರೇಕ್ ಹೋಸ್, ಎಬಿಎಸ್ ವೈರ್, ಡ್ರೈವ್ ಶಾಫ್ಟಿನ ಬೂಟ್ ಮೂರಕ್ಕೂ ಕಿಡಿ ತಾಗದಂತೆ ಮುಚ್ಚಿ.

ಒಂದೇ ಚಕ್ರಕ್ಕೆ ಜ್ಯಾಕ್ ಕೊಟ್ಟು ಈ ಕೆಲಸ ಮಾಡಬೇಡಿ. ಒಂದು ಚಕ್ರ ಜೋತು ಇನ್ನೊಂದು ನೆಲದಲ್ಲಿದ್ದರೆ ಬಾರ್ ತಿರುಚಿಕೊಂಡು ಲಿಂಕನ್ನು ಎಳೆದು ಹಿಡಿದಿರುತ್ತದೆ, ನಟ್ ಬಿಟ್ಟ ಕ್ಷಣ ಚಿಮ್ಮುತ್ತದೆ. ಮುಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಆಗ ಹೊಸ ಲಿಂಕ್ ಕೈಯಲ್ಲೇ ತೂತಿಗೆ ಕೂರುತ್ತದೆ.

ಹೊಸದನ್ನು ಏರ್ ಗನ್ನಿನಲ್ಲಿ ಬಿಗಿಸಬಾರದು. ಬಾಲ್ ಗರಗರ ತಿರುಗಿ ಮೊದಲ ದಿನವೇ ಬೂಟ್ ಹರಿಯುತ್ತದೆ. ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವುದು) ಹೊಸದೇ ಹಾಕಿ, ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿರುವ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿಸಿ.

ಪ್ರಶ್ನೆ: ಲಿಂಕ್ ಬದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯವೆಂದು ಗ್ಯಾರೇಜಿನವರು ಬಿಲ್ ಹಾಕಿದ್ದಾರೆ. (ತುಮಕೂರಿನಿಂದ)

ಉತ್ತರ: ಬೇಕಿಲ್ಲ. ಲಿಂಕ್ ರಾಡ್‌ನಿಂದ ಚಕ್ರದ ಯಾವ ಕೋನವೂ ಬದಲಾಗದು.

ಪ್ರಶ್ನೆ: ಮಾರುತಿ 800ಕ್ಕೆ ಲಿಂಕ್ ರಾಡ್ ಎಲ್ಲಿ ಸಿಗುತ್ತದೆ? (ಗದಗದಿಂದ)

ಉತ್ತರ: ಎಲ್ಲೂ ಸಿಗುವುದಿಲ್ಲ, ಅದರಲ್ಲಿ ಲಿಂಕೇ ಇಲ್ಲ. ಬಾರ್‌ನ ತುದಿ ನೇರವಾಗಿ ಲೋವರ್ ಆರ್ಮಿನೊಳಗೆ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ರಬ್ಬರ್ ಬುಷ್‌ಗಳ ನಡುವೆ ಕೂರುತ್ತದೆ. ನೀವು ಕೇಳಬೇಕಾದದ್ದು ಜಂಪಿಂಗ್ ರಾಡ್ (ಅಂಗಡಿಯಲ್ಲಿ ಈ ಬಾರಿಗೆ ಹೇಳುವ ಹೆಸರು) ಬುಷ್ ಸೆಟ್. ಈ ಬಾರೇ ಲೋವರ್ ಆರ್ಮ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವುದರಿಂದ, ಮೇಲಿನ ಉತ್ತರಕ್ಕೆ ವಿರುದ್ಧವಾಗಿ ಇಲ್ಲಿ ಅಲೈನ್‌ಮೆಂಟ್ ನೋಡಿಸಲೇಬೇಕು. ನಟ್ಟಿನ ಕೊನೆಯ ಬಿಗಿತ ಗಾಡಿ ನೆಲದ ಮೇಲೆ ನಿಂತಾಗ. ಚಕ್ರ ಜೋತಾಡುವಾಗ ಬಿಗಿಸಿದರೆ ಬುಷ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ.

ಪ್ರಶ್ನೆ: ಎರಡೂ ಲಿಂಕ್ ಹೊಸದು. ಸದ್ದು ಮಾತ್ರ ಹಾಗೇ ಇದೆ. (ದಾವಣಗೆರೆಯಿಂದ)

ಉತ್ತರ: ಮೊದಲು ನಾಲ್ಕೂ ನಟ್ಟಿನ ಬಿಗಿ ನೋಡಿ, ಥ್ರೆಡ್ಡಿನಲ್ಲಿ ತುಕ್ಕಿದ್ದರೆ ನಟ್ ಬಿಗಿಯಾದಂತೆ ಅನಿಸಿ ಒಳಗೆ ಸಡಿಲ ಉಳಿದಿರುತ್ತದೆ. ಆಮೇಲೆ ಬಾರನ್ನು ಫ್ರೇಮಿಗೆ ಹಿಡಿದಿರುವ ಎರಡು ಬುಷ್‌ಗಳು. ಅವು ಸವೆದಿದ್ದರೂ ಸದ್ದು ಹೀಗೇ ಇರುತ್ತದೆ.

ಅಲ್ಲೂ ಸಿಗದಿದ್ದರೆ ಎರಡೂ ಲಿಂಕ್ ಬಿಚ್ಚಿ, ಬಾರ್‌ನ ತುದಿಗಳು ಎಲ್ಲೂ ಬಡಿಯದಂತೆ ಕಟ್ಟಿ, ಅದೇ ಗುಂಡಿ ರಸ್ತೆಯಲ್ಲಿ 15-20 ಕಿ.ಮೀ. ವೇಗದಲ್ಲಿ ಓಡಿಸಿ. ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ, ಹೆದ್ದಾರಿಗೆ ಹೋಗಬೇಡಿ. ಸದ್ದು ನಿಂತರೆ ದೋಷ ಬಾರ್‌ನ ಕಡೆಯದೇ. ನಿಲ್ಲದಿದ್ದರೆ ಬೇರೆಡೆ ಹುಡುಕಬೇಕು: ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಟಕ್ ಎಂದರೆ ಸ್ಟ್ರಟ್ ಮೌಂಟ್, ಬ್ರೇಕ್ ಒತ್ತಿದಾಗ ಧಡ್ ಎಂದರೆ ಲೋವರ್ ಆರ್ಮ್ ಬುಷ್, ಕಟಕಟ ಸ್ಟೀರಿಂಗ್ ಹಿಡಿದ ಕೈಗೇ ತಟ್ಟಿದರೆ ಸ್ಟೀರಿಂಗ್ ರ‍್ಯಾಕ್ ಅಥವಾ ಟೈ ರಾಡ್.