ಉಳಿಸಿದ್ದು ಯಾರು?

ನಮಸ್ಕಾರ,

ಅಮೆರಿಕ–ಚೀನಾ ಪೈಪೋಟಿಯ ನಡುವೆ ಮಧ್ಯಮ ಬಲದ ದೇಶಗಳು ಹೇಗೆ ಕೈಜೋಡಿಸುತ್ತಿವೆ ಎಂಬ ನಿಮ್ಮ ಲೇಖನ ತಲುಪಿತು. ಚೆನ್ನಾಗಿ ಓದಿಕೊಂಡು ಬರೆದಿದ್ದೀರಿ, ಭಾಷೆ ಸರಾಗವಾಗಿದೆ. ಆದರೆ ಎರಡು ವಾಕ್ಯಗಳು ನನ್ನನ್ನು ಬಿಡುತ್ತಿಲ್ಲ.

‘ಅಮೆರಿಕ ಹೊರನಡೆದರೂ ಪೆಸಿಫಿಕ್ ವ್ಯಾಪಾರ ಒಪ್ಪಂದ ಉಳಿದುಕೊಂಡಿತು.’ ತಾನಾಗಿಯೇ ಉಳಿಯಿತಾ? ಪೆಸಿಫಿಕ್ ಸುತ್ತಲಿನ 12 ದೇಶಗಳ ಆ ಒಪ್ಪಂದವನ್ನು (ಟಿಪಿಪಿ) 2017ರ ಜನವರಿಯಲ್ಲಿ ಟ್ರಂಪ್ ಕೈಬಿಟ್ಟರು. ಜಪಾನ್ ಮುಂದೆ ನಿಂತಿತು, ಆಸ್ಟ್ರೇಲಿಯಾ ಜೊತೆಗೂಡಿತು. ಉಳಿದ 11 ದೇಶಗಳು ಕೂತು ಮಾತಾಡಿ 22 ಅಂಶಗಳನ್ನು ಅಮಾನತಿನಲ್ಲಿಟ್ಟವು. ಅವುಗಳಲ್ಲಿ ಹೆಚ್ಚಿನವು ಅಮೆರಿಕ ಪಟ್ಟುಹಿಡಿದು ಸೇರಿಸಿದ್ದವು. ಅಳಿಸಲಿಲ್ಲ, ಬದಿಗಿಟ್ಟರು ಅಷ್ಟೇ. ಎಂಥ ಜಾಣತನ ಅಲ್ವಾ? 2018ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಸಹಿ ಹಾಕಿದರು. ಇಷ್ಟೆಲ್ಲ ನಿಮ್ಮ ‘ಉಳಿದುಕೊಂಡಿತು’ ನುಂಗಿಬಿಟ್ಟಿದೆ.

ಎರಡನೆಯದು, ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಬಗ್ಗೆ: ‘2012ರಲ್ಲಿ ಆಸಿಯಾನ್‌ನಲ್ಲಿ ಬಿರುಕು ಮೂಡಿತು, ಆಮೇಲೆ ಸರಿಹೋಯಿತು.’ ಈ ‘ಮೂಡಿತು’ ಕಂಡರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಕೆಲಸಕ್ಕೆ ಸೇರಿದ ಹೊಸತು. ಒಂದು ಸಭೆಯ ವರದಿಯಲ್ಲಿ ‘ಒಮ್ಮತ ಮೂಡಿತು’ ಅಂತ ಬರೆದಿದ್ದೆ. ಹಿರಿಯ ಉಪಸಂಪಾದಕರು ಅದರ ಮೇಲೆ ಗೆರೆ ಎಳೆದು, ‘ಮೂಡೋಕೆ ಅದೇನು ಸೂರ್ಯನಾ? ಯಾರು ಬಿಟ್ಟುಕೊಟ್ಟರು, ಕೇಳ್ಕೊಂಡು ಬಾ’ ಅಂದರು. ರಾತ್ರಿ ಹತ್ತರವರೆಗೆ ಫೋನ್ ಮಾಡಿದೆ. ಒಬ್ಬರು ತಮ್ಮ ಆಕ್ಷೇಪ ಹಿಂತೆಗೆದುಕೊಂಡಿದ್ದರು. ನಿಜವಾದ ಸುದ್ದಿ ಅದೇ ಆಗಿತ್ತು.

ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ನಲ್ಲಿ ನಡೆದ ಆಸಿಯಾನ್ ಸಭೆಯಲ್ಲೂ ಹಾಗೆಯೇ. ದಕ್ಷಿಣ ಚೀನಾ ಸಮುದ್ರದ ಬಗ್ಗೆ ಚೀನಾ ಜೊತೆಗಿನ ತಗಾದೆ ಸಭೆಯ ಜಂಟಿ ಹೇಳಿಕೆಯಲ್ಲಿ ಬರಲೇಬೇಕೆಂದು ಫಿಲಿಪ್ಪೀನ್ಸ್, ವಿಯೆಟ್ನಾಂ ಹಟ ಹಿಡಿದು ಕೂತವು. ಅಧ್ಯಕ್ಷ ಸ್ಥಾನದಲ್ಲಿದ್ದ ಕಾಂಬೋಡಿಯಾ ಒಪ್ಪಲಿಲ್ಲ. 45 ವರ್ಷಗಳಲ್ಲಿ ಮೊದಲ ಸಲ ವಿದೇಶಾಂಗ ಸಚಿವರು ಜಂಟಿ ಹೇಳಿಕೆಯಿಲ್ಲದೆ ಎದ್ದುಹೋದರು. ಆಗ ಇಂಡೊನೇಷ್ಯಾದ ವಿದೇಶಾಂಗ ಸಚಿವ ಮಾರ್ಟಿ ನಟಲೆಗಾವಾ ರಾಜಧಾನಿಯಿಂದ ರಾಜಧಾನಿಗೆ ಓಡಾಡಿದರು. ವಾರದೊಳಗೆ ಆರು ಅಂಶಗಳ ಹೇಳಿಕೆಗೆ ಎಲ್ಲರನ್ನೂ ಒಪ್ಪಿಸಿದರು. ಜಗಳ ತೀರಲಿಲ್ಲ, ಗುಂಪು ಒಡೆಯಲಿಲ್ಲ. ಇದನ್ನು ‘ಸರಿಹೋಯಿತು’ ಅನ್ನಬಹುದಾ?

ನಿಮ್ಮ ಲೇಖನದಲ್ಲಿ ಅಮೆರಿಕ ‘ಹೇರುತ್ತದೆ’, ಚೀನಾ ‘ಒತ್ತುತ್ತದೆ’. ಉಳಿದವರ ಪಾಲಿಗೆ ಮಾತ್ರ ಎಲ್ಲವೂ ಸುಮ್ನೆ ‘ಆಗುತ್ತದೆ’. ಅವರೂ ಆಟಗಾರರೇ ಎಂದು ವಾದಿಸಲು ಹೊರಟವರು ನೀವು. ನಿಮ್ಮ ಕ್ರಿಯಾಪದಗಳೇ ಅದನ್ನು ಅಲ್ಲಗಳೆಯುತ್ತಿವೆ. ನನಗೆ ಸಿಟ್ಟು ಬಂದದ್ದು ಇದಕ್ಕೇ.

ಲೇಖನ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಆ ಎರಡು ಪ್ಯಾರಾ ಮತ್ತೆ ಬರೆದು ಕಳಿಸಿ. ಉದ್ದವಾದರೆ ಚಿಂತೆ ಬೇಡ, ಜಾಗ ನಾನು ಮಾಡಿಕೊಡುತ್ತೇನೆ.